ಬೇರು ನೀರಿನಲ್ಲಿ, ಎಲೆ ಗಾಳಿಯಲ್ಲಿ

(ಸಂಘದ ವಾರ್ಷಿಕ ಸಭೆಯ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನನಗಿಂತ ಮೊದಲು ಮಾತನಾಡಿದವರು ವಿದ್ಯಾರ್ಥಿವೇತನದ ಬಗ್ಗೆ, ಸ್ಪರ್ಧಾತ್ಮಕ ಪರೀಕ್ಷೆಗಳ ಬಗ್ಗೆ ಬಹಳ ಉಪಯುಕ್ತ ವಿಷಯಗಳನ್ನು ತಿಳಿಸಿದ್ದಾರೆ. ನನ್ನ ವಿಷಯ ಅಷ್ಟು ದೊಡ್ಡದಲ್ಲ. ಕಾರ್ಯದರ್ಶಿಗಳು ಫೋನ್ ಮಾಡಿ, "ಸರ್, ತಾವು ವಿಜ್ಞಾನದ ಬಗ್ಗೆ ಮಾತನಾಡಬೇಕು, ಆದರೆ ಊಟ ಆದ ಮೇಲಿನ ಗೋಷ್ಠಿ, ಮಕ್ಕಳು ತೂಕಡಿಸಬಾರದು" ಎಂದರು. ಎರಡೂ ಒಟ್ಟಿಗೆ ಆಗುವ ವಿಷಯ ಯಾವುದು ಎಂದು ಯೋಚಿಸಿದಾಗ ನನ್ನ ಮನೆಯ ಮೀನಿನ ತೊಟ್ಟಿ ನೆನಪಾಯಿತು. ಅದರಲ್ಲಿ ಬೇರನ್ನು ನೀರಿನಲ್ಲಿಟ್ಟು, ಎಲೆಗಳನ್ನು ಹೊರಗೆ ಚಾಚಿ ಬೆಳೆಯುವ ಗಿಡಗಳ ಬಗ್ಗೆ ಇಂದು ನಾಲ್ಕು ಮಾತು ಹೇಳುತ್ತೇನೆ.

ಮೊದಲು ನನ್ನ ಸೋಲಿನ ಕಥೆ ಕೇಳಿ. 1999ರಲ್ಲಿ ನನ್ನ ಮಗಳು ತರಗತಿಗೆ ಮೊದಲನೆಯವಳಾಗಿ ಐದನೇ ತರಗತಿಗೆ ಬಂದಳು. ಏನು ಬೇಕು ಎಂದು ಕೇಳಿದೆ. ಗೋಲ್ಡ್ ಫಿಶ್ ಬೇಕು ಎಂದಳು. ಒಂದೂವರೆ ಅಡಿಯ ಗಾಜಿನ ತೊಟ್ಟಿ, ನಾಲ್ಕು ಮೀನು, ಬಣ್ಣದ ಕಲ್ಲು, ಒಂದು ಪ್ಲಾಸ್ಟಿಕ್ ಗಿಡ ತಂದೆವು. ಅಂಗಡಿಯವರು ವಾರಕ್ಕೊಮ್ಮೆ ನೀರು ಬದಲಾಯಿಸಿ ಎಂದರು. ನಾನು ರಸಾಯನಶಾಸ್ತ್ರದ ಉಪನ್ಯಾಸಕ, ಸ್ವಚ್ಛತೆಯ ವಿಷಯದಲ್ಲಿ ಯಾರಿಗೂ ಕಡಿಮೆ ಇರಬಾರದು ಎಂದುಕೊಂಡು ಪ್ರತಿ ಭಾನುವಾರ ಪೂರ್ತಿ ನೀರು ಚೆಲ್ಲಿ, ಕಲ್ಲುಗಳನ್ನು ನಲ್ಲಿಯ ಕೆಳಗೆ ಉಜ್ಜಿ, ಫಿಲ್ಟರಿನ ಸ್ಪಂಜನ್ನು ಹಿಂಡಿ ತೊಳೆದು, ಹೊಸ ನೀರು ತುಂಬುತ್ತಿದ್ದೆ. ತೊಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು. ಮೂರು ವಾರದೊಳಗೆ ನಾಲ್ಕೂ ಮೀನುಗಳು ಸತ್ತವು. ಮತ್ತೆ ನಾಲ್ಕು ತಂದೆ. ಅವುಗಳಲ್ಲೂ ಎರಡು ಸತ್ತವು. ಆಗ ಮಗಳು ಅಳಲಿಲ್ಲ. ನನ್ನ ಮುಖ ನೋಡಿ, "ಅಬ್ಬಾ, ನೀವು ಸೈನ್ಸ್ ಲೆಕ್ಚರರ್ ಅಲ್ವಾ?" ಎಂದು ಕೇಳಿದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮರುದಿನ ತೊಟ್ಟಿಯ ನೀರನ್ನು ಒಂದು ಸಣ್ಣ ಶೀಷೆಯಲ್ಲಿ ಕಾಲೇಜಿಗೆ ಒಯ್ದೆ. ಲವಣ ವಿಶ್ಲೇಷಣೆಯಲ್ಲಿ ಅಮೋನಿಯಂ ಗುರುತಿಸಲು ನೆಸ್ಲರ್ ಕಾರಕ ಬಳಸುವುದು ಪಿ.ಯು. ವಿಜ್ಞಾನ ಓದಿದವರಿಗೆ ನೆನಪಿರಬಹುದು. ಪ್ರಣಾಳದಲ್ಲಿ ಕನ್ನಡಿಯಂತಿದ್ದ ಆ ನೀರಿಗೆ ಕೆಲವು ಹನಿ ನೆಸ್ಲರ್ ಹಾಕಿದೆ. ನೀರು ಹಳದಿಗೆ ತಿರುಗಿತು. ಕಣ್ಣಿಗೆ ಶುದ್ಧವಾಗಿ ಕಂಡ ನೀರಿನಲ್ಲಿ ಅಮೋನಿಯಾ ತುಂಬಿತ್ತು. ನಾನು ಅಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಸಾರಜನಕದ ಚಕ್ರ ಬರೆದವನು. ಬಾಣದ ಗುರುತು ಹಾಕಿ, ಮಕ್ಕಳಿಂದ ಬಾಯಿಪಾಠ ಹೇಳಿಸಿದವನು. ಆ ಚಕ್ರ ನನ್ನ ಮನೆಯ ಪಡಸಾಲೆಯಲ್ಲೇ ಮುರಿದು ಬಿದ್ದದ್ದು ನನಗೆ ಕಾಣಲಿಲ್ಲ.

ಏನು ನಡೆದಿತ್ತು ಎಂದು ಹೇಳುತ್ತೇನೆ. ಮೀನು ತಿಂದ ಆಹಾರದ ಪ್ರೋಟೀನ್ ಜೀರ್ಣವಾದ ಮೇಲೆ ಉಳಿಯುವ ಸಾರಜನಕವನ್ನು ಅದು ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಗೆ ಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯಾ ಆಗುತ್ತದೆ. ನದಿಯಲ್ಲಿ, ಕೆರೆಯಲ್ಲಿ ಅದು ತೆಳುವಾಗಿ ಹೋಗುತ್ತದೆ. ಗಾಜಿನ ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಅಲ್ಲೇ ಕೂಡುತ್ತದೆ. ನೀರಿನ ಕ್ಷಾರೀಯತೆ ಹೆಚ್ಚಿದಷ್ಟೂ ಅದರ ವಿಷ ಹೆಚ್ಚು. 25 ಡಿಗ್ರಿ ಉಷ್ಣತೆಯಲ್ಲಿ ನೀರಿನ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ್ದು ಶೇಕಡ 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಸುಮಾರು ಶೇಕಡ 5. ಪಿಎಚ್ 9 ಆದರೆ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು. ನಮ್ಮ ಅನೇಕ ಊರುಗಳ ಬೋರ್‌ವೆಲ್ ನೀರು ಗಡಸು, ಕ್ಷಾರೀಯ. ಇದನ್ನು ಮರೆಯಬಾರದು.

ಈ ಅಮೋನಿಯಾವನ್ನು ಕರಗಿಸಲು ಪ್ರಕೃತಿ ಕೆಲಸಗಾರರನ್ನು ಇಟ್ಟಿದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ಮೀನಿಗೆ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಅಪಾಯಕಾರಿಯಲ್ಲ. ಈ ಬ್ಯಾಕ್ಟೀರಿಯಾಗಳು ಕಲ್ಲಿನ ಮೇಲೆ, ಸ್ಪಂಜಿನೊಳಗೆ ಅಂಟಿಕೊಂಡು ಬದುಕುತ್ತವೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಾನು ಪ್ರತಿ ಭಾನುವಾರ ಕ್ಲೋರಿನ್ ನೀರಿನಲ್ಲಿ ಉಜ್ಜಿ ತೊಳೆದದ್ದು ಈ ಕೆಲಸಗಾರರನ್ನೇ! ಮೀನನ್ನು ಕೊಂದದ್ದು ಕೊಳೆಯಲ್ಲ, ನನ್ನ ಸ್ವಚ್ಛತೆ.

ಅಂದಿನಿಂದ ತೊಳೆಯುವುದನ್ನು ನಿಲ್ಲಿಸಿದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಾಯಿಸಿದೆ. ಉಳಿದ ಎರಡು ಮೀನು ಬದುಕಿದವು. ಇದೇ ಸಮಯದಲ್ಲಿ ಇನ್ನೊಂದು ಘಟನೆ ನಡೆಯಿತು. ನಮ್ಮ ತಾಯಿ ಕಿಟಕಿಯ ಹತ್ತಿರ ಒಂದು ಗಾಜಿನ ಶೀಷೆಯಲ್ಲಿ ಮನಿಪ್ಲಾಂಟ್ ಇಟ್ಟಿದ್ದರು. ತಂಗಿಯ ಮನೆಗೆ ಉಪ್ಪಿನಕಾಯಿ ಕಳಿಸಲು ಅವರಿಗೆ ಆ ಶೀಷೆ ಬೇಕಾಯಿತು. ಬಳ್ಳಿಯನ್ನು ಬಿಸಾಡಲು ಮನಸ್ಸಿಲ್ಲದೆ ಅದರ ಬೇರನ್ನು ಮೀನಿನ ತೊಟ್ಟಿಯೊಳಗೆ ಇಳಿಬಿಟ್ಟು, ಎಲೆಗಳನ್ನು ಅಂಚಿನ ಹೊರಗೆ ಹಾಕಿದರು. ನಾನು ಆಕ್ಷೇಪಿಸಿದೆ. "ಎರಡು ದಿನ ಇರಲಿ ಬೇಟಾ, ನಿನ್ನ ಮೀನೇನು ಬಾಡಿಗೆ ಕೊಡುತ್ತದೆಯೆ?" ಎಂದರು. ಎರಡು ದಿನ ಎರಡು ತಿಂಗಳಾಯಿತು. ಶೀಷೆಯಲ್ಲಿ ವರ್ಷಕ್ಕೆ ನಾಲ್ಕು ಎಲೆ ಬಿಡುತ್ತಿದ್ದ ಬಳ್ಳಿ ತೊಟ್ಟಿಯ ಮೇಲೆ ಅಂಗೈಯಗಲದ ಎಲೆ ಬಿಟ್ಟು ಕಿಟಕಿಯ ಸರಳಿಗೆ ಹತ್ತಿತು. ಬಿಳಿ ಬೇರು ನೀರಿನೊಳಗೆ ಗಡ್ಡದಂತೆ ಇಳಿಯಿತು. ಕಾಲೇಜಿನಲ್ಲಿ ಮತ್ತೆ ನೀರು ಪರೀಕ್ಷಿಸಿದೆ. ನೆಸ್ಲರ್ ಹಾಕಿದರೂ ಬಣ್ಣ ಬದಲಾಗಲಿಲ್ಲ.

ಎಲ್ಲ ಶ್ರೇಯಸ್ಸನ್ನು ಮನಿಪ್ಲಾಂಟಿಗೆ ಕೊಟ್ಟರೆ ವಿಜ್ಞಾನಕ್ಕೆ ಅನ್ಯಾಯವಾಗುತ್ತದೆ. ನಾನು ತೊಳೆಯುವುದನ್ನು ನಿಲ್ಲಿಸಿದ್ದೂ ಅದೇ ಸಮಯದಲ್ಲಿ. ಬ್ಯಾಕ್ಟೀರಿಯಾದ ಪಾಲೆಷ್ಟು, ಬಳ್ಳಿಯ ಪಾಲೆಷ್ಟು ಎಂದು ಒಂದೇ ತೊಟ್ಟಿಯಿಂದ ಹೇಳಲಾಗದು. ಆದರೆ ಗಿಡ ತನ್ನ ಎಲೆಗೆ ಬೇಕಾದ ಸಾರಜನಕವನ್ನು ಎಲ್ಲಿಂದ ತಂದಿತು? ಮಣ್ಣಿಲ್ಲ, ಗೊಬ್ಬರವಿಲ್ಲ. ಮೀನಿನ ನೀರಿನಿಂದಲೇ ತಂದಿತು. ಗಿಡಗಳು ಅಮೋನಿಯಂ, ನೈಟ್ರೇಟ್ ಎರಡನ್ನೂ ಬೇರಿನಿಂದ ಹೀರುತ್ತವೆ. ಮೀನಿಗೆ ವಿಷವಾದದ್ದು ಗಿಡಕ್ಕೆ ಊಟ.

ನೀರಿನೊಳಗೆ ಪೂರ್ತಿ ಮುಳುಗಿದ ಗಿಡಗಳೂ ಈ ಕೆಲಸ ಮಾಡುತ್ತವೆಯಲ್ಲ, ಅರ್ಧ ಹೊರಗಿರುವ ಗಿಡವೇ ಏಕೆ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಗಿಡ ಬೆಳೆಯಲು ಬೆಳಕು, ಇಂಗಾಲದ ಡೈಆಕ್ಸೈಡ್ ಬೇಕು. ನೀರಿನಲ್ಲಿ ಈ ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಆದ್ದರಿಂದ ಮುಳುಗಿದ ಎಲೆಯ ಸುತ್ತ ಅದರ ಕೊರತೆ ಬೇಗ ಉಂಟಾಗುತ್ತದೆ. ಬೆಳಕೂ ನೀರನ್ನು ದಾಟಿ ಬರುವಷ್ಟರಲ್ಲಿ ಕಡಿಮೆಯಾಗುತ್ತದೆ. ಇದಕ್ಕಾಗಿಯೇ ಹವ್ಯಾಸಿಗಳು ಇಂಗಾಲದ ಡೈಆಕ್ಸೈಡ್ ಸಿಲಿಂಡರ್, ಬೆಲೆಬಾಳುವ ದೀಪ ಕೊಳ್ಳುತ್ತಾರೆ. ಎಲೆ ನೀರಿನ ಹೊರಗಿದ್ದರೆ ಸಿಲಿಂಡರ್ ಬೇಡ, ಗಾಳಿಯೇ ಸಾಕು. ಅಂಥ ಗಿಡ ವೇಗವಾಗಿ ಬೆಳೆಯುತ್ತದೆ. ವೇಗವಾಗಿ ಬೆಳೆಯುವ ಗಿಡ ಸಾರಜನಕವನ್ನೂ ವೇಗವಾಗಿ ಹೀರುತ್ತದೆ. ಗೋಲ್ಡ್ ಫಿಶ್‌ನಂಥ ಮೀನುಗಳು ಮುಳುಗಿದ ಎಲೆಗಳನ್ನು ತಿಂದುಹಾಕುತ್ತವೆ. ಹೊರಗಿನ ಎಲೆ ಅವಕ್ಕೆ ಸಿಗುವುದಿಲ್ಲ. ಬೇರನ್ನು ಸ್ವಲ್ಪ ಕಚ್ಚಬಹುದು, ಅಷ್ಟೆ.

ಇದು ನಮಗೆ ಹೊಸ ದೃಶ್ಯವೂ ಅಲ್ಲ. ಗದ್ದೆಯಲ್ಲಿ ಭತ್ತ ನಿಂತಿರುವುದು ಹೀಗೆಯೇ. ತೋಡಿನ ಬದಿಯಲ್ಲಿ ಪತ್ರೊಡೆಗೆ ಕೀಳುವ ಕೆಸು, ಮಗುವಿಗೆ ತೇಯ್ದು ನೆಕ್ಕಿಸುವ ಬಜೆ, ಕೆರೆಯಂಚಿನ ಜೊಂಡು, ಎಲ್ಲವೂ ಕಾಲು ನೀರಿನಲ್ಲಿ, ತಲೆ ಗಾಳಿಯಲ್ಲಿ ಇಟ್ಟು ಬೆಳೆಯುವ ಗಿಡಗಳೇ. ನೀರು ನಿಂತ ಕೆಸರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಹಾಗಾದರೆ ಬೇರು ಉಸಿರಾಡುವುದು ಹೇಗೆ? ಒಂದು ತಾವರೆ ದಂಟನ್ನು ಅಡ್ಡಲಾಗಿ ಕತ್ತರಿಸಿ ನೋಡಿ, ಒಳಗೆ ಕೊಳವೆಗಳಂತೆ ತೂತುಗಳಿವೆ. ಮೇಲಿನ ಗಾಳಿ ಅದರ ಮೂಲಕ ಬೇರಿನವರೆಗೆ ಇಳಿಯುತ್ತದೆ. ಭತ್ತದಲ್ಲೂ ಇಂಥ ಗಾಳಿಯ ಅಂಗಾಂಶ ಇದೆ. ಆ ವ್ಯವಸ್ಥೆ ಇಲ್ಲದ ಗಿಡವನ್ನು ನೀರಿನಲ್ಲಿ ನಿಲ್ಲಿಸಿದರೆ ಬೇರು ಕೊಳೆಯುತ್ತದೆ.

ಈಗ ಮಾಡುವ ವಿಧಾನ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಗೆ ಸುಮಾರು 56 ಲೀಟರ್ ನೀರು ಹಿಡಿಸುತ್ತದೆ. ನೀರಿನ ಭಾರವೇ 56 ಕಿಲೋ. ಆದ್ದರಿಂದ ಗಟ್ಟಿಯಾದ, ಸಮತಟ್ಟಾದ ಮೇಜು ಬೇಕು. ಕಿಟಕಿಯ ಬೆಳಕು ಬೀಳಲಿ, ಆದರೆ ನೇರ ಬಿಸಿಲು ಗಾಜಿಗೆ ಹೊಡೆದರೆ ಪಾಚಿ ಕಟ್ಟುತ್ತದೆ. ಮನಿಪ್ಲಾಂಟಿನ ಬಳ್ಳಿಯನ್ನು ಎರಡು ಮೂರು ಗೆಣ್ಣು ಇರುವಂತೆ ಕತ್ತರಿಸಿ, ಮೊದಲು ಶೀಷೆಯ ನೀರಿನಲ್ಲಿ ಎರಡು ಅಂಗುಲ ಬೇರು ಬರುವವರೆಗೆ ಇಡಿ. ಕೀಟನಾಶಕ ಸಿಂಪಡಿಸಿದ ಗಿಡ ಬೇಡವೇ ಬೇಡ. ಕುಂಡದಿಂದ ತೆಗೆದ ಗಿಡವಾದರೆ ಬೇರಿನ ಮಣ್ಣನ್ನು ಪೂರ್ತಿ ತೊಳೆಯಿರಿ. ತೂತು ಕೊರೆದ ಹಳೆಯ ಪ್ಲಾಸ್ಟಿಕ್ ಡಬ್ಬಿಯನ್ನು ತೊಟ್ಟಿಯ ಹಿಂಬದಿಗೆ ನೇತುಹಾಕಿ ಅದರಲ್ಲಿ ನಾಲ್ಕೈದು ತುಂಡುಗಳನ್ನು ನಿಲ್ಲಿಸಿ. ಬೇರು ಮಾತ್ರ ನೀರಿನಲ್ಲಿರಲಿ, ಎಲೆ ಮುಳುಗಬಾರದು. ಸಿಂಗೋನಿಯಂ, ಪೀಸ್ ಲಿಲಿ ಕೂಡ ಹೀಗೆ ಬರುತ್ತವೆ. ಲಕ್ಕಿ ಬ್ಯಾಂಬೂ ಎಂದು ಮಾರುವುದು ಬಿದಿರೇ ಅಲ್ಲ, ಆಫ್ರಿಕ ಮೂಲದ ಡ್ರಸೀನಾ ಜಾತಿಯ ಗಿಡ. ಅದರ ಬುಡ ನೀರಿನಲ್ಲಿ, ಎಲೆ ಹೊರಗೆ ಇದ್ದರೆ ವರ್ಷಗಟ್ಟಲೆ ಬಾಳುತ್ತದೆ. ಕೆಲವು ಕಡೆ ಅದನ್ನು ಜಲಸಸ್ಯ ಎಂದು ಮಾರುತ್ತಾರೆ. ನಂಬಿ ಪೂರ್ತಿ ಮುಳುಗಿಸಿದರೆ ನಿಧಾನವಾಗಿ ಕೊಳೆತು ನೀರನ್ನು ಕೆಡಿಸುತ್ತದೆ.

ಹೊಸ ನೀರನ್ನು ತುಂಬುವ ಮೊದಲು ನಲ್ಲಿ ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಹೋಗುತ್ತದೆ. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿ. ಕೈ ಹಾಕುವ ಮೊದಲು ವಿದ್ಯುತ್ ಸ್ವಿಚ್ ಆರಿಸಿ. ಮನಿಪ್ಲಾಂಟಿನ ರಸ, ಕೆಸುವಿನ ರಸದಂತೆಯೇ, ಬಾಯಿ ತುರಿಸುತ್ತದೆ. ಎರಡರಲ್ಲೂ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಚಿಕ್ಕ ಮಕ್ಕಳ ಕೈಗೆ ಎಲೆ ಸಿಗದಂತೆ ನೋಡಿಕೊಳ್ಳಿ.

ಒಂದು ಮುಖ್ಯ ವಿಷಯ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ಗಿಡ ಹೀರಿದ ಸಾರಜನಕ ಮಾಯವಾಗುವುದಿಲ್ಲ, ಎಲೆಯಲ್ಲಿ ಕೂತಿರುತ್ತದೆ. ಹಣ್ಣಾದ ಎಲೆ ನೀರಿಗೆ ಬಿದ್ದು ಕೊಳೆತರೆ ಸಾಲ ತೀರಿಸಿ ಮತ್ತೆ ಸಾಲ ಮಾಡಿದ ಹಾಗೆ, ಅಮೋನಿಯಾ ವಾಪಸ್ಸು ಬರುತ್ತದೆ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಎರಡು ಗೋಲ್ಡ್ ಫಿಶ್‌ಗಳನ್ನು ವ್ಯಾಲಿಸ್ನೇರಿಯ ಎಂಬ ಜಲಸಸ್ಯದ ಜೊತೆ ಗಾಜಿನ ಪಾತ್ರೆಯಲ್ಲಿಟ್ಟು ಪ್ರಯೋಗ ಮಾಡಿದರು. ಮೀನು ಮತ್ತು ಗಿಡ ಒಂದನ್ನೊಂದು ಬದುಕಿಸಬಹುದೇ ಎಂಬುದು ಅವರ ಪ್ರಶ್ನೆ. ಅವರಿಗೂ ಕೊಳೆಯುವ ಎಲೆಗಳೇ ತೊಂದರೆ ಕೊಟ್ಟವು. ಅದನ್ನು ತಿನ್ನಲು ಬಸವನಹುಳುಗಳನ್ನು ಬಿಟ್ಟ ಮೇಲೆ ನೀರು ತಿಳಿಯಾಯಿತು. 1850ರಲ್ಲಿ ಇದನ್ನು ಪ್ರಕಟಿಸಿದರು. ನಮಗೆ ಬಸವನಹುಳುವಿಗಿಂತ ಕತ್ತರಿ ಸುಲಭ. ಹಳದಿ ಎಲೆಯನ್ನು ಕೂಡಲೆ ತೆಗೆಯಿರಿ. ಬಳ್ಳಿ ಉದ್ದವಾದಾಗ ಕತ್ತರಿಸಿ ನೆರೆಯವರಿಗೆ ಕೊಡಿ. ಪ್ರತಿ ತುಂಡಿನೊಂದಿಗೆ ತೊಟ್ಟಿಯ ಕೊಳೆಯ ಒಂದು ಪಾಲು ನಿಮ್ಮ ಮನೆಯಿಂದ ಹೊರಗೆ ಹೋಗುತ್ತದೆ.

ಈ ಗಿಡಗಳು ಎಲ್ಲವನ್ನೂ ಮಾಡುತ್ತವೆ ಎಂದು ತಿಳಿಯಬೇಡಿ. ಎಲೆ ಗಾಳಿಯಲ್ಲಿರುವುದರಿಂದ ಅದು ಬಿಡುವ ಆಮ್ಲಜನಕವೂ ಗಾಳಿಗೇ ಹೋಗುತ್ತದೆ, ಮೀನಿಗೆ ಸಿಗುವುದಿಲ್ಲ. ಪ್ರೌಢಶಾಲೆಯಲ್ಲಿ ಹೈಡ್ರಿಲ್ಲಾ ಗಿಡದ ಮೇಲೆ ಆಲಿಕೆ ಕವುಚಿ ಗುಳ್ಳೆ ಹಿಡಿದದ್ದು ನೆನಪಿದೆಯಲ್ಲ? ಆ ಗುಳ್ಳೆ ಬರುವುದು ಮುಳುಗಿದ ಎಲೆಯಿಂದ. ಆದ್ದರಿಂದ ಸಣ್ಣ ಗಾಳಿಪಂಪು ಇರಲೇಬೇಕು. ಮೀನುಗಳ ಸಂಖ್ಯೆ ಮಿತಿಯಲ್ಲಿರಬೇಕು. ಗೋಲ್ಡ್ ಫಿಶ್ ಗೇಣುದ್ದ ಬೆಳೆಯುವ ಮೀನು. ನಾನು ಕೊಂಡಂಥ ಒಂದೂವರೆ ಅಡಿಯ ತೊಟ್ಟಿಯಲ್ಲಿ ನಾಲ್ಕು ಹಾಕಿದ್ದೇ ತಪ್ಪು. ಎಷ್ಟು ಗಿಡವಿದ್ದರೂ ನೀರು ಬದಲಾಯಿಸುವ ಕೆಲಸ ತಪ್ಪುವುದಿಲ್ಲ.

ಇನ್ನು, ನಿಜವಾದ ಜಲಸಸ್ಯಗಳನ್ನು ತಂದವರಿಗೆ ಒಂದು ಮಾತು. ಅಂಗಡಿಗೆ ಬರುವ ಕ್ರಿಪ್ಟೊಕೊರೈನ್‌ನಂಥ ಅನೇಕ ಗಿಡಗಳನ್ನು ನರ್ಸರಿಯಲ್ಲಿ ಎಲೆ ಗಾಳಿಯಲ್ಲಿರುವಂತೆಯೇ ಬೆಳೆಸಿರುತ್ತಾರೆ. ಇದೇ ಜಾತಿಯ ಕೆಲವು ಗಿಡಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇವೆ. ಮಳೆಗಾಲದಲ್ಲಿ ಮುಳುಗುತ್ತವೆ, ಬೇಸಿಗೆಯಲ್ಲಿ ಹೊರಗೆ ನಿಲ್ಲುತ್ತವೆ. ಗಾಳಿಯ ಎಲೆ ದಪ್ಪ, ಮೇಲೆ ಮೇಣದ ಪದರ ಇರುತ್ತದೆ, ಪತ್ರರಂಧ್ರಗಳಿರುತ್ತವೆ. ನೀರಿನೊಳಗಿನ ಎಲೆ ತೆಳು. ನೀವು ತಂದು ತೊಟ್ಟಿಯಲ್ಲಿ ಮುಳುಗಿಸಿದ ಕೆಲವೇ ದಿನಗಳಲ್ಲಿ ಹಳೆಯ ಎಲೆಗಳೆಲ್ಲ ಕರಗಿ ಹೋಗಬಹುದು. ಗಿಡ ಸತ್ತಿತು ಎಂದು ಬಹಳ ಜನ ಕಿತ್ತು ಎಸೆಯುತ್ತಾರೆ. ಎಸೆಯಬೇಡಿ. ಬೇರು ಗಟ್ಟಿಯಾಗಿದ್ದರೆ ಕರಗಿದ ಎಲೆಗಳನ್ನು ಮಾತ್ರ ತೆಗೆದು ಕಾಯಿರಿ. ಕೆಲವು ವಾರಗಳಲ್ಲಿ ಹೊಸ ಜಾಗಕ್ಕೆ ಹೊಂದುವ ಹೊಸ ಎಲೆ ಬರುತ್ತದೆ.

ಇದನ್ನು ಹೇಳುವಾಗ ಇಲ್ಲಿ ಹಿಂದಿನ ಸಾಲುಗಳಲ್ಲಿ ಕುಳಿತಿರುವ, ಈ ವರ್ಷವೇ ಹಳ್ಳಿಯಿಂದ ಬಂದು ಹಾಸ್ಟೆಲ್ ಸೇರಿದ ಮಕ್ಕಳು ನನ್ನ ಕಣ್ಣಿಗೆ ಬೀಳುತ್ತಿದ್ದಾರೆ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಒಳ್ಳೆಯ ಅಂಕ ಪಡೆದು, ಇಲ್ಲಿ ಮೊದಲ ಕಿರುಪರೀಕ್ಷೆಯಲ್ಲೇ ಎಡವಿ, ಊರಿಗೆ ವಾಪಸ್ಸು ಹೋಗುತ್ತೇನೆ ಎನ್ನುವವರನ್ನು ನನ್ನ ಸೇವೆಯ ಪ್ರತಿ ವರ್ಷವೂ ಕಂಡಿದ್ದೇನೆ. ಮಕ್ಕಳೆ, ಉದುರುತ್ತಿರುವುದು ಹಳೆಯ ಎಲೆ. ಬೇರು ಗಟ್ಟಿಯಾಗಿದೆಯೇ ನೋಡಿಕೊಳ್ಳಿ. ಕೆಲವು ವಾರ ತಾಳಿ. ಪೋಷಕರಿಗೂ, ವಾರ್ಡನ್‌ಗಳಿಗೂ ನನ್ನ ವಿನಂತಿ ಇದೇ: ಅಷ್ಟರಲ್ಲೇ ಕಿತ್ತು ಎಸೆಯಬೇಡಿ.

ಕೊನೆಯದಾಗಿ ತೊಟ್ಟಿಯ ಹೊರಗಿನ ಮಾತು. ಹವ್ಯಾಸ ಸಾಕಾದಾಗ ಗಿಡ, ಮೀನುಗಳನ್ನು ಹತ್ತಿರದ ಕೆರೆಗೆ ಬಿಡುವುದು ಪುಣ್ಯದ ಕೆಲಸ ಎಂದು ಕೆಲವರು ತಿಳಿದಿದ್ದಾರೆ. ಅದು ಕೆರೆಗೆ ಮಾಡುವ ದ್ರೋಹ. ನಮ್ಮ ಕೆರೆಗಳನ್ನು ಮುಚ್ಚಿರುವ, ನೀಲಿ ಹೂ ಬಿಡುವ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದಿಂದ ಅಲಂಕಾರದ ಗಿಡವಾಗಿ ಬಂದದ್ದು. ನಮ್ಮ ದೇಶದ ಹೈಗ್ರೊಫಿಲಾ ಜಾತಿಯ ಒಂದು ಗಿಡ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕಕ್ಕೆ ಹೋಗಿ ಫ್ಲೋರಿಡಾದ ಕಾಲುವೆಗಳಲ್ಲಿ ಕಳೆಯಾಗಿದೆ. ತನ್ನ ಜಾಗದಲ್ಲಿ ಒಳ್ಳೆಯದಾದ ಗಿಡ ಬೇರೆ ಜಾಗದಲ್ಲಿ ಕಳೆಯಾಗಬಹುದು. ಬೇಡವಾದ ಗಿಡವನ್ನು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಮೀನನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಿ.

ಅದೇ ವೇಳೆ, ಈ ಚಿಕ್ಕ ತೊಟ್ಟಿಯ ತತ್ವ ಕೆರೆಗೂ ಉಪಯೋಗವಾಗುತ್ತದೆ. ಹೈದರಾಬಾದಿನ ನೆಕ್ನಾಂಪುರ ಕೆರೆಯಲ್ಲಿ 2018ರಲ್ಲಿ ತೇಲುವ ಚೌಕಟ್ಟುಗಳ ಮೇಲೆ ಗಿಡಗಳನ್ನು ನೆಟ್ಟು, ಬೇರನ್ನು ಕೆರೆಯ ನೀರಿಗೆ ಇಳಿಬಿಟ್ಟರು. ಕೊಳಚೆಯಿಂದ ಬಂದ ಪೋಷಕಾಂಶಗಳನ್ನು ಬೇರು ಹೀರಲಿ ಎಂಬುದೇ ಉದ್ದೇಶ. ನಮ್ಮ ತಾಯಿ ಶೀಷೆ ಖಾಲಿ ಮಾಡಲು ಮಾಡಿದ್ದೂ ಅದೇ ಕೆಲಸ, ಅಳತೆ ಮಾತ್ರ ಚಿಕ್ಕದು.

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ ಕೊಟ್ಟು ಮುಗಿಸುತ್ತೇನೆ. ಮೀನಿನ ತೊಟ್ಟಿಯಿಂದ ತೆಗೆದ ಹಳೆಯ ನೀರನ್ನು ಎರಡು ಒಂದೇ ಅಳತೆಯ ಬಕೆಟ್ಟುಗಳಿಗೆ ತುಂಬಿ. ಒಂದರಲ್ಲಿ ಬೇರು ಬಿಟ್ಟ ಮನಿಪ್ಲಾಂಟ್ ಇಡಿ, ಇನ್ನೊಂದರಲ್ಲಿ ಏನೂ ಬೇಡ. ಎರಡನ್ನೂ ಒಂದೇ ಕಿಟಕಿಯ ಹತ್ತಿರ ಇಡಿ, ಸೊಳ್ಳೆ ಮೊಟ್ಟೆಯಿಡದಂತೆ ತೆಳು ಬಟ್ಟೆ ಕಟ್ಟಿ. ವಾರಕ್ಕೆ ಎರಡು ಸಲ ಅಮೋನಿಯಾ, ನೈಟ್ರೇಟ್ ಪರೀಕ್ಷಿಸಿ ಬರೆದಿಡಿ. ಈಗ ಅಕ್ವೇರಿಯಂ ಅಂಗಡಿಗಳಲ್ಲಿ ಪರೀಕ್ಷಾ ಕಿಟ್‌ಗಳು ಸಿಗುತ್ತವೆ. ನೆಸ್ಲರ್ ಕಾರಕದಲ್ಲಿ ಪಾದರಸ ಇರುವುದರಿಂದ ಅದನ್ನು ಮನೆಗೆ ತರಬೇಡಿ. ಗಿಡದ ಪಾಲೆಷ್ಟು ಎಂದು ನನ್ನ ಒಂದು ತೊಟ್ಟಿ ಹೇಳಲಾರದ್ದನ್ನು ನಿಮ್ಮ ಎರಡು ಬಕೆಟ್ಟುಗಳು ಹೇಳುತ್ತವೆ. ಫಲಿತಾಂಶ ಏನೇ ಬಂದರೂ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ನಮ್ಮ ತಾಯಿ ಈಗ ಇಲ್ಲ. ಅವರು ಇಳಿಬಿಟ್ಟ ಬಳ್ಳಿಯ ತುಂಡೊಂದನ್ನು ನನ್ನ ಮಗಳು ಮದುವೆಯಾಗಿ ಹೋಗುವಾಗ ಶೀಷೆಯಲ್ಲಿ ಒಯ್ದಳು. ಕಳೆದ ತಿಂಗಳು ಅವಳ ಮನೆಗೆ ಹೋಗಿದ್ದೆ. ತೊಟ್ಟಿಯ ಮೇಲೆ ಅದೇ ಬಳ್ಳಿ ಹಬ್ಬಿದೆ. ಗಾಜಿನ ಮೇಲೆ ಸ್ವಲ್ಪ ಪಾಚಿ ಇತ್ತು. ನಾನು ಬಟ್ಟೆ ತೆಗೆದುಕೊಂಡು ಒರೆಸಲು ಎದ್ದೆ. "ಅಬ್ಬಾ, ನೀವು ಕೂತುಕೊಳ್ಳಿ, ಅದನ್ನು ತೊಳೆಯಬೇಡಿ" ಎಂದಳು. ಕೂತುಕೊಂಡೆ.